ಅಲ್ಪಸಂಖ್ಯಾತರ ಪತ್ರ, ಮಹಿಳಾ ಉದ್ಯಮ: ಒಂದು ಕಾಗದದ ಹಿಂದಿನ ಚರಿತ್ರೆ

"ನಮಗೆ ಮೈನಾರಿಟಿ ಸರ್ಟಿಫಿಕೇಟ್ ಇದೆಯಲ್ಲ, ಮತ್ತೆ ಸಾಲ ಯಾಕೆ ಸಿಗುವುದಿಲ್ಲ?" ಪ್ಲಸ್ ಟು ಅಥವಾ ಡಿಗ್ರಿ ಮುಗಿಸಿ ಸ್ವಂತ ಕೆಲಸ ಶುರುಮಾಡಲು ಹೊರಟ ನಮ್ಮ ಯುವಜನರ ಬಾಯಲ್ಲಿ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಇದಕ್ಕೆ ಎದುರಾದ ಮಾತೂ ಇದೆ: "ಅದೆಲ್ಲ ಸರಕಾರದ ದಾನ, ನಮಗೆ ಯಾಕೆ?" ಎನ್ನುವ ಹಿರಿಯರು. ಎರಡೂ ಮಾತುಗಳ ಹಿಂದೆ ಇರುವುದು ಒಂದೇ ತೊಂದರೆ. ಆ ಕಾಗದ ಎಲ್ಲಿಂದ ಬಂತು, ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಎಂಬುದು ನಮಗೆ ಗೊತ್ತಿಲ್ಲ.

ಕಾಸರಗೋಡಿನ ಕ್ರೈಸ್ತರಿಗೆ ಈ ಗೊಂದಲ ಸ್ವಲ್ಪ ಹೆಚ್ಚು. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರು ನಾವು. ಧರ್ಮದಿಂದಲೂ ಅಲ್ಪಸಂಖ್ಯಾತರು, ಭಾಷೆಯಿಂದಲೂ ಅಲ್ಪಸಂಖ್ಯಾತರು. ಉದ್ಯಮ ನಡೆಸುವವಳು ಹೆಣ್ಣುಮಗಳಾದರೆ ಅದಕ್ಕೆ ಇನ್ನೊಂದು ದಾಖಲೆ. ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಚರ್ಚೆಗಳಿಂದ ಹುಟ್ಟಿದವು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಅವುಗಳ ಚರಿತ್ರೆ ತಿಳಿದರೆ ಯಾವ ಕಚೇರಿಯಲ್ಲಿ ಏನನ್ನು ಕೇಳಬೇಕು ಎಂಬುದು ತಿಳಿಯುತ್ತದೆ. ಹಾಗೆ ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ ಎಂಬುದೂ ತಿಳಿಯುತ್ತದೆ.

ಸರಕಾರದ ಕಾಗದ ಬರುವ ಮೊದಲು

ಕರಾವಳಿಯ ಕ್ರೈಸ್ತರು ಉದ್ಯಮಕ್ಕೆ ಹೊಸಬರಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಆ ಕಾಲದಲ್ಲಿ ಕ್ರಿಸ್ತಮತಕ್ಕೆ ಸೇರಿದವರು ಎಷ್ಟೋ ಸಲ ಜಾತಿಯ ಜೊತೆಗೆ ಕುಲಕಸುಬು, ಗೇಣಿಯ ಭೂಮಿ, ಇರುವ ಮನೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಗೆ ದಾರಿ ಮಾಡಬೇಕಾಗಿ ಬಂದಾಗ ಮಿಶನ್ ಛಾಪಖಾನೆ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ತೆರೆಯಿತು. ಛಾಪಖಾನೆ 1841ರದು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಮಂಗಳೂರು ಹಂಚು ದೇಶವಿದೇಶಗಳ ಮಾಡು ಏರಿದ್ದು ಅಲ್ಲಿಂದ ಮುಂದೆ. ಕಥೋಲಿಕರಲ್ಲೂ ಹಂಚಿನ ಉದ್ಯಮಿಗಳು ಬೇಗನೆ ಹುಟ್ಟಿಕೊಂಡರು. ಪಾಣೆಮಂಗಳೂರಿನ ಅಲ್ಬುಕರ್ಕ್ ಕಾರ್ಖಾನೆ 1868ರಲ್ಲಿ ಶುರುವಾಯಿತು.

ಆದರೆ ಹಂಚು ಹೊತ್ತವರೂ ನೂಲು ಸುತ್ತಿದವರೂ ಕೂಲಿಗಳು. ಅವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಒಡೆತನ ಅವರದಾಗಿರಲಿಲ್ಲ. ಮೊದಲ ಮಹಾಯುದ್ಧ ಬಂದಾಗ ಬಾಸೆಲ್ ಮಿಶನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರಕಾರ ಶತ್ರುಗಳ ಆಸ್ತಿ ಎಂದು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಕೈಗೆ ಹೋದವು. ಮಾಲೀಕರು ಬದಲಾದರು, ದುಡಿಯುವವರು ಹಾಗೆಯೇ ಉಳಿದರು. ದುಡಿಮೆ ಬೇರೆ, ಒಡೆತನ ಬೇರೆ ಎಂಬ ಪಾಠವನ್ನು ನಮ್ಮ ಕರಾವಳಿ ಆಗಲೇ ಕಂಡಿತ್ತು.

ಬಂಡವಾಳಕ್ಕಾಗಿ ಸಮುದಾಯ ತನ್ನದೇ ದಾರಿಯನ್ನೂ ಹುಡುಕಿಕೊಂಡಿತು. 1912ರಲ್ಲಿ ಮಂಗಳೂರಿನ ಕಥೋಲಿಕರು ಸ್ಥಾಪಿಸಿದ ಸಹಕಾರಿ ಸಂಸ್ಥೆಯೇ ಇಂದಿನ ಎಂಸಿಸಿ ಬ್ಯಾಂಕ್. ಅಲ್ಲಿ ಸಾಲಕ್ಕೆ ಬೇಕಾಗಿದ್ದುದು ಪರಿಚಯ ಮತ್ತು ಜಾಮೀನು. ಇಂಥ ಕಡೆ ಪರಿಚಯವಿದ್ದವನಿಗೆ ಹಣ ಸಿಗುತ್ತಿತ್ತು. ಜಾಗ ಇಲ್ಲದವನಿಗೆ, ತನ್ನ ಹೆಸರಲ್ಲಿ ಏನೂ ಇಲ್ಲದ ಹೆಂಗಸಿಗೆ ಅದು ದೂರದ ಮಾತಾಗಿತ್ತು. ಆ ತೆರವನ್ನು ತುಂಬಲು ಸ್ವತಂತ್ರ ಭಾರತ ಮುಂದೆ ಕಾನೂನಿನ ದಾರಿ ಹಿಡಿಯಿತು.

ಸಂವಿಧಾನ ಸಭೆಯಲ್ಲಿ ಬಿಟ್ಟುಕೊಟ್ಟದ್ದು, ಉಳಿಸಿಕೊಂಡದ್ದು

ಅಲ್ಪಸಂಖ್ಯಾತ ಎಂಬ ಪದ ಇಂದು ನಮ್ಮ ಪ್ರಮಾಣಪತ್ರದಲ್ಲಿ ಇರುವ ಅರ್ಥಕ್ಕೆ ಬಂದದ್ದು ಸಂವಿಧಾನ ಸಭೆಯ ಚರ್ಚೆಗಳ ಮೂಲಕ. ಬ್ರಿಟಿಷರ 1935ರ ಕಾಯ್ದೆಯಲ್ಲಿ ಭಾರತೀಯ ಕ್ರೈಸ್ತರಿಗೆ ಶಾಸನಸಭೆಗಳಲ್ಲಿ ಬೇರೆಯೇ ಸ್ಥಾನಗಳಿದ್ದವು. ಸ್ವಾತಂತ್ರ್ಯ ಬರುವಾಗ ಅವನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬ ಪ್ರಶ್ನೆ ಎದ್ದಿತು. 1947ರಲ್ಲಿ ಸರ್ದಾರ್ ಪಟೇಲರ ಸಲಹಾ ಸಮಿತಿ ಕ್ರೈಸ್ತರಿಗೂ ಕೆಲವು ಕಡೆ ಮೀಸಲು ಸ್ಥಾನಗಳನ್ನು ಸೂಚಿಸಿತ್ತು. ಅವುಗಳಲ್ಲಿ ಮದ್ರಾಸ್ ಪ್ರಾಂತವೂ ಒಂದು. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿ ಮದ್ರಾಸಿಗೇ ಸೇರಿತ್ತು.

ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ್ ಮುಖರ್ಜಿ. ಸಂವಿಧಾನ ಸಭೆಯ ಉಪಾಧ್ಯಕ್ಷರೂ ಅವರೇ. ಅದೇ ಸಭೆಯಲ್ಲಿ ಮದ್ರಾಸಿನಿಂದ ಬಂದ ಒಬ್ಬ ಯೇಸುಸಭೆಯ ಗುರುಗಳಿದ್ದರು, ಫಾದರ್ ಜೆರೋಮ್ ಡಿಸೋಜ. ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1897ರಲ್ಲಿ. ನಮ್ಮ ಧರ್ಮಪ್ರಾಂತದ ಮಣ್ಣಿನವರು. 1949ರ ಮೇ ತಿಂಗಳಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಕೈಬಿಡುವ ನಿರ್ಣಯ ಸಭೆಯ ಮುಂದೆ ಬಂದಾಗ ಕ್ರೈಸ್ತ ನಾಯಕರು ಅದನ್ನು ಒಪ್ಪಿಕೊಂಡರು. ಬಹುಸಂಖ್ಯಾತರೊಡನೆ ವಿಶ್ವಾಸದಿಂದ ಬಾಳುವುದೇ ಗಟ್ಟಿ ಭದ್ರತೆ ಎಂಬುದು ಅವರ ನಿಲುವಾಗಿತ್ತು.

ಉಳಿಸಿಕೊಂಡದ್ದು ಬೇರೆ. 25ನೆಯ ವಿಧಿಯಲ್ಲಿ ಧರ್ಮಸ್ವಾತಂತ್ರ್ಯ, 29ರಲ್ಲಿ ಭಾಷೆ, ಲಿಪಿ, ಸಂಸ್ಕೃತಿಯ ರಕ್ಷಣೆ, 30ರಲ್ಲಿ ಶಾಲೆ ಕಾಲೇಜು ನಡೆಸುವ ಹಕ್ಕು. ಉದ್ಯಮ, ಸಾಲ, ಟೆಂಡರು ಇವುಗಳ ಮಾತು ಅಲ್ಲಿ ಇಲ್ಲ. ಸಂವಿಧಾನ ಅಲ್ಪಸಂಖ್ಯಾತರು ಎಂಬ ಪದವನ್ನು ಬಳಸಿತು, ಆದರೆ ಯಾರು ಯಾರು ಎಂದು ಪಟ್ಟಿ ಕೊಡಲಿಲ್ಲ. ಹೆಸರು ಹೇಳುವ ಪಟ್ಟಿ ಬರಲು ಇನ್ನೂ 40 ವರ್ಷ ಕಾಯಬೇಕಾಯಿತು. ಅದಕ್ಕೆ ಮೊದಲು ನಮ್ಮ ಊರು ಇನ್ನೊಂದು ಬಗೆಯ ಅಲ್ಪಸಂಖ್ಯಾತವಾಯಿತು.

1956: ಒಂದೇ ರಾತ್ರಿಯಲ್ಲಿ ಭಾಷಾ ಅಲ್ಪಸಂಖ್ಯಾತರು

ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕೊಟ್ಟ ವರದಿಯಂತೆ 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅಕ್ಟೋಬರ್ 31ರಂದು ತಮ್ಮ ಜಿಲ್ಲೆಯಲ್ಲಿ ಎಲ್ಲರಂತೆ ಕನ್ನಡದಲ್ಲಿ ಅರ್ಜಿ ಬರೆಯುತ್ತಿದ್ದವರು ಮರುದಿನ ಬೆಳಿಗ್ಗೆ ಭಾಷಾ ಅಲ್ಪಸಂಖ್ಯಾತರಾಗಿದ್ದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಲಿ ಎಂದು ಹೇಳಿತಾದರೂ ಗಡಿ ಅಲುಗಲಿಲ್ಲ.

ಇಂಥವರಿಗಾಗಿಯೇ ಆ ವರ್ಷದ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ ಎರಡು ವಿಧಿಗಳನ್ನು ಸೇರಿಸಿತು. 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕೆನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಮಿಳರೂ ಕನ್ನಡಿಗರೂ ಸೆಕ್ರೆಟೇರಿಯೇಟಿಗೆ, ಇಲಾಖೆಗಳ ಮುಖ್ಯಸ್ಥರಿಗೆ, ತಮ್ಮ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದು ಹೇಳಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಭಾಷಾ ಅಲ್ಪಸಂಖ್ಯಾತ ಎಂಬ ಸ್ಥಾನ ಕೊಡುವುದು ಶಾಲೆ ಮತ್ತು ಕಚೇರಿ ವ್ಯವಹಾರದ ಹಕ್ಕನ್ನು. ಅಲ್ಪಸಂಖ್ಯಾತರ ಸಾಲದ ಯೋಜನೆಗಳಿಗೆ ಅದು ಅರ್ಹತೆ ಆಗುವುದಿಲ್ಲ. ಆದರೂ ಅದು ಉಪಯೋಗಕ್ಕೆ ಬಾರದ ಹಕ್ಕಲ್ಲ. ಲೈಸೆನ್ಸ್, ಸಬ್ಸಿಡಿ, ತಿರಸ್ಕಾರದ ಕಾರಣ, ಏನೇ ಇರಲಿ ಕನ್ನಡದಲ್ಲಿ ಬರೆದು ಕೇಳಬಹುದು. ಮಲಯಾಳ ಓದಲು ಬಾರದ ತಾಯಿ ತನಗೆ ಅರ್ಥವಾಗದ ಕಾಗದದ ಮೇಲೆ ಬೇರೆಯವರನ್ನು ನಂಬಿ ಸಹಿ ಹಾಕಬೇಕಾಗಿಲ್ಲ.

ಹೆಸರು ಹೇಳಿದ ಪಟ್ಟಿ: 1993

ಧರ್ಮದ ಅಲ್ಪಸಂಖ್ಯಾತರ ವಿಷಯಕ್ಕೆ ಮರಳೋಣ. 1978ರ ಜನವರಿಯಲ್ಲಿ ಜನತಾ ಸರಕಾರ ಒಂದು ಅಲ್ಪಸಂಖ್ಯಾತರ ಆಯೋಗ ರಚಿಸಿತು. ಅದಕ್ಕೆ ಇದ್ದದ್ದು ಸರಕಾರದ ನಿರ್ಣಯದ ಬಲ ಮಾತ್ರ. ಕಾನೂನಿನ ಬಲ ಬಂದದ್ದು ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ 1992ರ ಕಾಯ್ದೆಯಿಂದ. ಕೇಂದ್ರ ಸರಕಾರ ಅಧಿಸೂಚನೆಯಲ್ಲಿ ಹೆಸರಿಸುವ ಸಮುದಾಯವೇ ಅಲ್ಪಸಂಖ್ಯಾತ ಎಂದು ಆ ಕಾಯ್ದೆ ಹೇಳಿತು. ಅದರಂತೆ 1993ರ ಅಕ್ಟೋಬರ್ 23ರಂದು ಮುಸ್ಲಿಮರು, ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರ್ಸಿಗಳು ಎಂದು ಐದು ಹೆಸರುಗಳು ಬಂದವು. ಜೈನರು 2014ರ ಜನವರಿಯಲ್ಲಿ ಸೇರಿದರು.

ಇಂದು ಅಲ್ಪಸಂಖ್ಯಾತರ ಸಾಲ ಮತ್ತು ಸಹಾಯ ಯೋಜನೆಗಳಲ್ಲಿ ನಾವು ತೋರಿಸುವ ಪತ್ರಕ್ಕೆ ಆಧಾರ ಈ ಅಧಿಸೂಚನೆ. ಇದರಲ್ಲಿ ಪಂಗಡದ ಭೇದ ಇಲ್ಲ. ಲ್ಯಾಟಿನ್ ಕಥೋಲಿಕ, ಸಿರಿಯನ್ ಕಥೋಲಿಕ, ಸಿಎಸ್‌ಐ, ಪೆಂತೆಕೋಸ್ತ್ ಎಲ್ಲರೂ ಕ್ರೈಸ್ತರೇ. ಹಿಂದುಳಿದ ವರ್ಗದ ಪತ್ರವಾದರೆ ಹಾಗಲ್ಲ. ಕೇರಳದ ಆ ಪಟ್ಟಿಯಲ್ಲಿ ಲ್ಯಾಟಿನ್ ಕಥೋಲಿಕರಿದ್ದಾರೆ, ಸಿರಿಯನ್ ಕಥೋಲಿಕರಿಲ್ಲ. ಅಕ್ಕಪಕ್ಕದ ಬೆಂಚಿನಲ್ಲಿ ಕುಳಿತು ಒಂದೇ ಕಾಲೇಜಿನಲ್ಲಿ ಓದಿದ ಇಬ್ಬರು ಕ್ರೈಸ್ತ ಗೆಳೆಯರಿಗೆ ಒಂದೇ ಅಲ್ಪಸಂಖ್ಯಾತ ಪತ್ರ, ಆದರೆ ಬೇರೆ ಬೇರೆ ಜಾತಿ ಪತ್ರ ಇರುವುದು ಇದರಿಂದ.

ಪಟ್ಟಿ ಬಂದ ಮರುವರ್ಷ, 1994ರ ಸೆಪ್ಟೆಂಬರ್ 30ರಂದು, ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಹುಟ್ಟಿತು. ಲಾಭದ ಉದ್ದೇಶವಿಲ್ಲದ ಸರಕಾರಿ ಕಂಪೆನಿ ಇದು. ಸಾಲ ಬರುವುದು ರಾಜ್ಯದ ಸಂಸ್ಥೆಗಳ ಮೂಲಕ. ಕೇರಳದಲ್ಲಿ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, 1988ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ನಿಗಮ, ಕೋಝಿಕ್ಕೋಡಿನಲ್ಲಿ ಮುಖ್ಯ ಕಚೇರಿ ಇರುವ ಅಲ್ಪಸಂಖ್ಯಾತರ ಅಭಿವೃದ್ಧಿ ಹಣಕಾಸು ನಿಗಮ ಈ ಕೆಲಸ ಮಾಡುತ್ತವೆ. ಇಲ್ಲಿ ಪತ್ರ ಇದ್ದರೆ ಸಾಲದು, ಕುಟುಂಬದ ವಾರ್ಷಿಕ ಆದಾಯ ನಿಗದಿತ ಮಿತಿಯೊಳಗೆ ಇರಬೇಕು. ಜಾಗದ ಅಥವಾ ನೌಕರರ ಜಾಮೀನನ್ನೂ ಕೇಳುತ್ತಾರೆ. ಮೇಲೆ ಕೇಳಿದ "ಮತ್ತೆ ಸಾಲ ಯಾಕೆ ಸಿಗುವುದಿಲ್ಲ" ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇಲ್ಲಿದೆ. ಅಲ್ಪಸಂಖ್ಯಾತ ಪತ್ರ ನೀವು ಯಾವ ಸಮುದಾಯದವರು ಎಂದು ಹೇಳುತ್ತದೆ. ಸಾಲ ತೀರಿಸುವ ಶಕ್ತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಲೆಕ್ಕದಲ್ಲಿ ಅದರ ಬೆಲೆ

ಸ್ವಂತ ಉದ್ಯಮಕ್ಕೆ ಈ ಪತ್ರ ನೇರವಾಗಿ ಉಪಯೋಗಕ್ಕೆ ಬರುವ ಮುಖ್ಯ ಜಾಗ 2008ರಲ್ಲಿ ಶುರುವಾದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ, ಎಲ್ಲರೂ ಹೇಳುವ ಪಿಎಂಇಜಿಪಿ. ಖಾದಿ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳ ಮೂಲಕ ಇದು ನಡೆಯುತ್ತದೆ. ಇದರಲ್ಲಿ ಸಾಮಾನ್ಯ ವರ್ಗ, ವಿಶೇಷ ವರ್ಗ ಎಂದು ಎರಡು ಪಾಲು. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರು ವಿಶೇಷ ವರ್ಗದಲ್ಲಿ ಬರುತ್ತಾರೆ.

ನಮ್ಮ ಕಡೆಯ ಒಂದು ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಂಚಾಯತ್ ಪ್ರದೇಶದಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಕ್ಕೆ 10 ಲಕ್ಷ ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಸಾಮಾನ್ಯ ವರ್ಗದವರು ಕೈಯಿಂದ ಶೇಕಡಾ 10, ಅಂದರೆ 1 ಲಕ್ಷ ಹಾಕಬೇಕು. ಸಬ್ಸಿಡಿ ಶೇಕಡಾ 25, ಅಂದರೆ ಎರಡೂವರೆ ಲಕ್ಷ. ವಿಶೇಷ ವರ್ಗದವರು ಹಾಕಬೇಕಾದ್ದು ಶೇಕಡಾ 5, ಅಂದರೆ 50 ಸಾವಿರ. ಸಬ್ಸಿಡಿ ಶೇಕಡಾ 35, ಅಂದರೆ ಮೂರೂವರೆ ಲಕ್ಷ. ಉಳಿದದ್ದು ಬ್ಯಾಂಕಿನ ಸಾಲ, ಬಡ್ಡಿ ಸಹಿತ ತೀರಿಸಬೇಕಾದ್ದು. ಸಬ್ಸಿಡಿಯ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ.

ಇಲ್ಲಿ ಎರಡು ಮಾತು ನೆನಪಿಡಬೇಕು. ಕ್ರೈಸ್ತ ಮಹಿಳೆಗೆ ಅಲ್ಪಸಂಖ್ಯಾತೆ ಎಂದೊಮ್ಮೆ, ಮಹಿಳೆ ಎಂದೊಮ್ಮೆ ಎರಡು ಪಾಲು ಸಿಗುವುದಿಲ್ಲ. ಮಹಿಳೆಯಾಗಿರುವುದರಿಂದಲೇ ಆಕೆ ವಿಶೇಷ ವರ್ಗಕ್ಕೆ ಸೇರುತ್ತಾಳೆ. ಎರಡನೆಯದು, ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಈ ಸಹಾಯ. ಯಾರ ಹೆಸರಲ್ಲಿ ಅರ್ಜಿ ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಬೇಕು.

ಶೇಕಡಾ 51ರ ಚರಿತ್ರೆ

ಈ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಮೂಲದಲ್ಲೂ ಒಬ್ಬ ಮಂಗಳೂರಿಗರಿದ್ದಾರೆ. 1977ರ ಡಿಸೆಂಬರಿನಲ್ಲಿ ಸಣ್ಣ ಕೈಗಾರಿಕೆಗಳಿಗೆ ಒತ್ತುಕೊಟ್ಟ ಕೈಗಾರಿಕಾ ನೀತಿಯನ್ನು ಪ್ರಕಟಿಸಿದವರು ಅಂದಿನ ಕೈಗಾರಿಕಾ ಮಂತ್ರಿ ಜಾರ್ಜ್ ಫೆರ್ನಾಂಡಿಸ್. ಮಂಗಳೂರಿನ ಕಥೋಲಿಕ ಮನೆಯ ಹುಡುಗ, ಗುರುವಾಗಲು ಬೆಂಗಳೂರಿನ ಸೆಮಿನರಿಗೆ ಹೋಗಿ ಬಿಟ್ಟುಬಂದವರು. ಸಣ್ಣ ಉದ್ಯಮಿಗೆ ಬೇಕಾದ್ದೆಲ್ಲ ಜಿಲ್ಲೆಯ ಒಂದೇ ಕಚೇರಿಯಲ್ಲಿ ಸಿಗಬೇಕು ಎಂಬುದು ಆ ನೀತಿಯ ಮಾತು. 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ತೆರೆದವು.

ಕೇಂದ್ರಗಳು ಬಂದವು, ಆದರೆ ಮಹಿಳೆಯ ಉದ್ಯಮ ಎಂದರೆ ಯಾವುದು? 1980ರ ದಶಕದಲ್ಲಿ ಕೇಂದ್ರ ಸರಕಾರ ಒಂದು ವ್ಯಾಖ್ಯೆ ಕೊಟ್ಟಿತು. ಬಂಡವಾಳದಲ್ಲಿ ಕನಿಷ್ಠ ಶೇಕಡಾ 51 ಮಹಿಳೆಯದಾಗಿರಬೇಕು, ಆಡಳಿತ ಆಕೆಯದಾಗಿರಬೇಕು, ಕೆಲಸಗಾರರಲ್ಲೂ ಶೇಕಡಾ 51 ಮಹಿಳೆಯರಿರಬೇಕು. ಕೊನೆಯ ಷರತ್ತು ವಿಚಿತ್ರವಾಗಿತ್ತು. ಗಂಡಸು ಕಾರ್ಖಾನೆ ತೆರೆದರೆ ಎಷ್ಟು ಗಂಡಸರಿಗೆ ಕೆಲಸ ಕೊಟ್ಟೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೆಂಗಸು ವೆಲ್ಡಿಂಗ್ ವರ್ಕ್‌ಶಾಪ್ ತೆರೆದರೆ ಆ ಪ್ರಶ್ನೆ ಬರುತ್ತಿತ್ತು. 1991ರ ಆಗಸ್ಟಿನ ಸಣ್ಣ ಕೈಗಾರಿಕಾ ನೀತಿ ಆ ಷರತ್ತನ್ನು ತೆಗೆದುಹಾಕಿತು. ಬಹುಪಾಲು ಬಂಡವಾಳ ಮತ್ತು ಆಡಳಿತದ ಹಿಡಿತ, ಇಷ್ಟು ಉಳಿಯಿತು.

ಆ ಬಳಿಕ ದಾಖಲೆಯ ರೂಪವೂ ಬದಲಾಗುತ್ತ ಬಂತು. ಹಳೆಯ ಕಾಲದಲ್ಲಿ ಸಣ್ಣ ಕೈಗಾರಿಕೆಗೆ ಮೊದಲು ತಾತ್ಕಾಲಿಕ, ಆಮೇಲೆ ಶಾಶ್ವತ ನೋಂದಣಿ. 2006ರ ಕಾಯ್ದೆಯಿಂದ ಅದರ ಬದಲಿಗೆ ಜ್ಞಾಪನಾಪತ್ರ ಬಂತು. 2015ರಲ್ಲಿ ಉದ್ಯೋಗ್ ಆಧಾರ್, 2020ರ ಜುಲೈ 1ರಿಂದ ಉದ್ಯಮ್ ನೋಂದಣಿ. ಇಂದು ಆಧಾರ್ ಮತ್ತು ಪಾನ್ ಇದ್ದರೆ ಆನ್‌ಲೈನಿನಲ್ಲಿ ಸ್ವಂತ ಹೇಳಿಕೆಯ ಮೇಲೆ, ಸರಕಾರಕ್ಕೆ ಒಂದು ರೂಪಾಯಿ ಶುಲ್ಕವಿಲ್ಲದೆ ನೋಂದಣಿ ಆಗುತ್ತದೆ.

ಈ ನೋಂದಣಿಯ ಬಲ ಹೆಚ್ಚಾದದ್ದು ಸರಕಾರಿ ಖರೀದಿಯ ನೀತಿಯಿಂದ. 2012ರ ಆದೇಶದಂತೆ ಕೇಂದ್ರ ಸರಕಾರದ ಇಲಾಖೆಗಳೂ ಸಾರ್ವಜನಿಕ ಉದ್ಯಮಗಳೂ ತಮ್ಮ ಖರೀದಿಯ ಶೇಕಡಾ 20ನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. 2018ರ ನವೆಂಬರಿನಲ್ಲಿ ಅದು ಶೇಕಡಾ 25ಕ್ಕೆ ಏರಿತು. ಅದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ, ಶೇಕಡಾ 3 ಮಹಿಳೆಯರ ಉದ್ಯಮಗಳಿಗೆ. ಧರ್ಮದ ಅಲ್ಪಸಂಖ್ಯಾತರಿಗೆ ಇಲ್ಲಿ ಬೇರೆ ಪಾಲು ಇಲ್ಲ. ಉದ್ಯಮ್ ಅರ್ಜಿಯಲ್ಲೂ ಅಂಥ ಕಾಲಂ ಇಲ್ಲ. ಹಾಗಾಗಿ ಟೆಂಡರಿನಲ್ಲಿ ನಮ್ಮ ಹುಡುಗ ತನ್ನ ಮೈನಾರಿಟಿ ಸರ್ಟಿಫಿಕೇಟನ್ನು ಲಗತ್ತಿಸಿದರೆ ಪ್ರಯೋಜನವಿಲ್ಲ. ನಮ್ಮ ಹುಡುಗಿಗೆ ತನ್ನ ಹೆಸರಿನ ಉದ್ಯಮ್ ನೋಂದಣಿಯಿಂದ ಪ್ರಯೋಜನವಿದೆ. ಒಬ್ಬಳೇ ಮಾಲೀಕಳಾಗಿರಬೇಕು, ಇಲ್ಲವೇ ಪಾಲುದಾರಿಕೆಯಲ್ಲೂ ಕಂಪೆನಿಯಲ್ಲೂ ಕನಿಷ್ಠ ಶೇಕಡಾ 51 ಪಾಲು ಮಹಿಳೆಯರದಾಗಿರಬೇಕು.

ಹೆಸರು ಅವಳದು, ಚೆಕ್ ಪುಸ್ತಕ ಯಾರದು?

ಸಬ್ಸಿಡಿ ಹೆಚ್ಚು ಎಂದು ಹೆಂಡತಿಯ, ತಾಯಿಯ, ಅಕ್ಕನ ಹೆಸರಲ್ಲಿ ಅರ್ಜಿ ಹಾಕಿ ವ್ಯವಹಾರವನ್ನೆಲ್ಲ ಗಂಡಸರೇ ನೋಡಿಕೊಳ್ಳುವುದು ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲೂ ಇದೆ. ಅದನ್ನು ಜಾಣತನ ಎಂದು ಹೇಳುವವರೂ ಇದ್ದಾರೆ. ಆದರೆ ವ್ಯಾಪಾರ ಮುಳುಗಿದರೆ ನೋಟೀಸು ಬರುವುದು ಅವಳ ಹೆಸರಿಗೆ, ಜಪ್ತಿ ಅವಳ ಆಸ್ತಿಗೆ. ತಾನು ಮಾಡದ ಸಾಲದ ಭಾರ ಹೊತ್ತವಳು ಮುಂದೆ ನಿಜವಾಗಿ ತನ್ನದೇ ಕೆಲಸ ಶುರುಮಾಡಲು ಹೊರಟಾಗ ಬ್ಯಾಂಕಿನ ಬಾಗಿಲು ಮುಚ್ಚಿರುತ್ತದೆ.

ಒಡೆತನದ ಪ್ರಶ್ನೆ ಕಾರ್ಖಾನೆಗಿಂತ ಮೊದಲು ಮನೆಯ ಜಾಗದಲ್ಲಿ ಶುರುವಾಗುತ್ತದೆ. ತಿರುವಾಂಕೂರಿನ 1916ರ ಕ್ರೈಸ್ತ ವಾರಸಾ ಕಾಯ್ದೆಯಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಹೂಡಿದ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆ ಇನ್ನು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮ ಕಾಸರಗೋಡು ಬ್ರಿಟಿಷ್ ಆಡಳಿತದಲ್ಲಿದ್ದುದರಿಂದ ಇಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ನಡೆಯುತ್ತಿತ್ತು. ಉಯಿಲು ಇಲ್ಲದೆ ತೀರಿಹೋದವರ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಅದು ಸಮಪಾಲು ಕೊಡುತ್ತದೆ. ಕೋರ್ಟಿಗೆ ಹೋಗದೆಯೇ ನಮ್ಮ ಹೆಣ್ಣುಮಕ್ಕಳಿಗೆ ಈ ಹಕ್ಕು ಇತ್ತು. ಆದರೂ ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು ಎಂದು ಹೇಳಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮ ಮನೆಗಳಲ್ಲಿ ಕೇಳದ ಮಾತಲ್ಲ. ನಾಳೆ ಆಕೆ ಸಾಲಕ್ಕೆ ಹೋದಾಗ ಜಾಮೀನಿಗೆ ಜಾಗವಿಲ್ಲ ಎಂದು ಹಿಂದೆ ಬರುತ್ತಾಳೆ. ಮಹಿಳಾ ಉದ್ಯಮಿಗೆ ಬೆಂಬಲ ಕೊಡಬೇಕು ಎನ್ನುವ ಅಪ್ಪ, ಅಣ್ಣಂದಿರು ಮೊದಲು ನೋಡಬೇಕಾದ ದಾಖಲೆ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲೇ ಇದೆ.

ಬಾಗಿಲ ಹೊರಗೆ ನಿಂತವರು

ಈ ಚರಿತ್ರೆಯಲ್ಲಿ ಒಂದು ನೋವಿನ ಪುಟವೂ ಇದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿ ಎಂದು ಪರಿಗಣಿಸುವುದಿಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು. ದಲಿತ ಕ್ರೈಸ್ತರಿಗೆ ತೆರೆಯಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಭೇದ ತೆಗೆಯಬೇಕು ಎಂದು ಹೇಳಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ರಚನೆಯಾಯಿತು. ಭಾರತದ ಧರ್ಮಸಭೆ ಪ್ರತಿವರ್ಷ ಆಗಸ್ಟ್ 10ನ್ನು ಕಪ್ಪು ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ.

ಉದ್ಯಮದ ಮಟ್ಟಿಗೆ ಇದರ ಅರ್ಥ ಏನು? ದಲಿತ ಕ್ರೈಸ್ತ ಯುವಕನಿಗೆ ಅಲ್ಪಸಂಖ್ಯಾತ ಪತ್ರ ಸಿಗುತ್ತದೆ, ಆದರೆ ಸರಕಾರಿ ಖರೀದಿಯ ಶೇಕಡಾ 4ರ ಪಾಲಿನಲ್ಲಿ ಜಾಗವಿಲ್ಲ. 2016ರಿಂದ ನಡೆದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗಿನ ಸಾಲ ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಎಂದು ಇತ್ತು, ಅಲ್ಲೂ ಅವನು ಹೊರಗೆ. ಅವನ ತಂಗಿಗಾದರೆ ಮಹಿಳೆ ಎಂಬ ಕಾರಣಕ್ಕೆ ಅರ್ಜಿ ಹಾಕಲು ದಾರಿ ಇತ್ತು. ಕೇರಳ ಸರಕಾರ 1980ರಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗಾಗಿ ಕೋಟ್ಟಯಂ ಕೇಂದ್ರವಾಗಿ ಒಂದು ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದೆ. ನಮ್ಮ ಕಡೆಯಲ್ಲಿ ಅದರ ಹೆಸರು ಗೊತ್ತಿರುವವರು ಕಡಿಮೆ. ವಾರ್ಡಿನ ಗುರ್ಕಾರರು ಈ ಹೆಸರನ್ನು ಬೇಕಾದ ಮನೆಗಳಿಗೆ ಮುಟ್ಟಿಸಬೇಕು. ಪತ್ರ ಸುಲಭವಾಗಿ ಸಿಕ್ಕ ನಾವು ಸಿಗದವರ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲ.

ಈಗ ಏನು ಮಾಡಬೇಕು

ಅಲ್ಪಸಂಖ್ಯಾತ ಪತ್ರ ವಿಲ್ಲೇಜ್ ಆಫೀಸಿನದು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಧರ್ಮ ಸ್ಪಷ್ಟವಾಗಿ ನಮೂದಾಗಿದ್ದರೆ ಅದನ್ನೇ ಸ್ವೀಕರಿಸಬಹುದು ಎಂದು ಕೇರಳ ಸರಕಾರ 2021ರಲ್ಲಿ ವಿಧಾನವನ್ನು ಸರಳ ಮಾಡಿತು. ಜ್ಞಾನಸ್ನಾನದ ಸರ್ಟಿಫಿಕೇಟ್ ಚರ್ಚಿನ ದಾಖಲೆ. ಆಧಾರವಾಗಿ ತೋರಿಸಲು ಉಪಯೋಗಕ್ಕೆ ಬಂದರೂ ಸರಕಾರಿ ಪತ್ರದ ಬದಲಿಗೆ ಅದು ನಿಲ್ಲುವುದಿಲ್ಲ. ಎರಡರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಮೊದಲು ನೋಡಿಕೊಳ್ಳಿ. ಡಿಸೋಜ, ಡಿ'ಸೋಜಾ, ಡಿಸೋಝ ಎಂದು ಮೂರು ಕಡೆ ಮೂರು ರೀತಿ ಇದ್ದರೆ ತಿರುಗಾಟ ತಪ್ಪದು.

ಉದ್ಯಮ್ ನೋಂದಣಿಗೆ ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ, ಅದು ಉಚಿತ. ಪಿಎಂಇಜಿಪಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ, ನಿಗಮದ ಸಾಲಕ್ಕೆ ಆಯಾ ನಿಗಮದ ಕಚೇರಿ. ಆದಾಯ ಮಿತಿ, ಬಡ್ಡಿದರ, ಯೋಜನೆಯ ಅವಧಿ ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನದ ನಿಯಮವನ್ನು ಅಲ್ಲೇ ಕೇಳಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಕನ್ನಡದಲ್ಲೇ ಕೇಳಿ. ನಮ್ಮ ಯುವಸಂಘಟನೆಯಲ್ಲಿ ಫಾರ್ಮ್ ತುಂಬಲು ಬಲ್ಲವರು ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತರೆ ಎಷ್ಟೋ ತಾಯಂದಿರಿಗೆ ಸಹಾಯವಾಗುತ್ತದೆ.

ಹಕ್ಕು ಕೇಳುವುದು ವಿಶ್ವಾಸಿಗೆ ತಕ್ಕುದೇ ಎಂದು ಅಳುಕುವವರು ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯವನ್ನು ಮನೆಯಲ್ಲಿ ಒಟ್ಟಿಗೆ ಓದಬಹುದು. ಫಿಲಿಪ್ಪಿಯಲ್ಲಿ ಪೌಲನ ಮಾತಿಗೆ ಮೊದಲು ಕಿವಿಗೊಟ್ಟವಳು ಲಿಡಿಯಾ, ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ. ವ್ಯಾಪಾರ ಅವಳದು, ಅತಿಥಿಗಳನ್ನು ಕರೆದ ಮನೆಯೂ ಅವಳದು. ಅದೇ ಅಧ್ಯಾಯದ ಕೊನೆಯಲ್ಲಿ, ವಿಚಾರಣೆ ಇಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ ಪೌಲ ಸುಮ್ಮನೆ ಹೊರಟುಹೋಗಲಿಲ್ಲ. ತಾನು ರೋಮಿನ ಪೌರ ಎಂದು ಹೇಳಿ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗುವಂತೆ ಮಾಡಿದ. ಅವನು ಕೇಳಿದ್ದು ಕಾನೂನು ತನಗೆ ಕೊಟ್ಟದ್ದನ್ನು. ನಾವು ಅರ್ಜಿಯಲ್ಲಿ ಬರೆಯುವುದೂ ಅಷ್ಟೇ ನಿಜವಾಗಿರಲಿ. ಹೆಸರು ಯಾರದೋ ಕೆಲಸ ಅವರದೇ, ಪಾಲು ಯಾರದೋ ತೀರ್ಮಾನವೂ ಅವರದೇ ಆಗಿದ್ದರೆ ವಿಲ್ಲೇಜ್ ಆಫೀಸಿನಲ್ಲೂ ಬ್ಯಾಂಕಿನಲ್ಲೂ ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಡಬಹುದು.